ಮಲಗಿದ ಪರದೆ, ಹಿಡಿದ ಕತ್ತು

ಇವತ್ತು ಬೆಳಿಗ್ಗೆಯಿಂದ ನಾನು ಬಲಗಡೆ ಮಾತ್ರ ನೋಡಬಲ್ಲೆ. ಎಡಗಡೆ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು, ಸಣ್ಣ ಕ್ರಾಸಿನಲ್ಲಿ ಸಿಟಿ ಬಸ್ಸು ತಿರುಗಿದ ಹಾಗೆ.

ಡಾಕ್ಟರ್ ಹತ್ತಿರ ಹೋದೆ. ಅವರು ಕತ್ತು ಒತ್ತಿ ನೋಡಿ, "ಏನಾದ್ರೂ ಭಾರ ಎತ್ತಿದ್ರಾ?" ಎಂದರು.

"ಇಲ್ಲ ಡಾಕ್ಟ್ರೇ, ಕರ್ನೆಲ್ ಕೆಲಸ ಮಾಡ್ತಿದ್ದೆ" ಎಂದೆ.

"ಓ! ಯಾವ ರೆಜಿಮೆಂಟು ಸಾರ್?" ಎಂದವರೇ ಬೆನ್ನು ನೆಟ್ಟಗೆ ಮಾಡಿ ಕೂತರು. ಆ ಕ್ಷಣದವರೆಗೆ ನನ್ನನ್ನು ಅವರು ಸಾರ್ ಎಂದಿರಲಿಲ್ಲ. ತಿದ್ದುವ ಮನಸ್ಸಾಗಲಿಲ್ಲ. ಫೀಸಿನಲ್ಲಿ ಮಾತ್ರ ಒಂದು ಪೈಸೆಯೂ ಕಡಿಮೆಯಾಗಲಿಲ್ಲ.

ಕರ್ನೆಲ್ ಅಂದರೆ ಮಿಲಿಟರಿಯವರಲ್ಲ. ಕಂಪ್ಯೂಟರಿನ ತಿರುಳು ಅನ್ನಿ. ಪರದೆ, ಕೀಬೋರ್ಡ್, ಮೆಮೊರಿ, ವೈಫೈ ಎಲ್ಲ ಅದರ ಕೈಯಲ್ಲಿ. ಯಾವ ಪ್ರೋಗ್ರಾಮಿಗೆ ಏನು ಬೇಕಿದ್ದರೂ ಅದನ್ನೇ ಕೇಳಬೇಕು. ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿಯ ವಿಷಯದಲ್ಲಿ ನನ್ನ ಹೆಂಡತಿ ಮಾಡುವ ಕೆಲಸ ಅದು.

ಕಥೆ ಶುರುವಾದದ್ದು 2016ರಲ್ಲಿ ಹನ್ನೊಂದು ಸಾವಿರಕ್ಕೆ ಕೊಂಡ ಒಂದು ಪುಟಾಣಿ ಲ್ಯಾಪ್‌ಟಾಪಿನಿಂದ. ಹತ್ತಿಂಚಿನ ಪರದೆ. ಅದನ್ನು ಕೀಬೋರ್ಡಿನಿಂದ ಕಿತ್ತರೆ ಟ್ಯಾಬ್ಲೆಟ್, ಸಿಕ್ಕಿಸಿದರೆ ಲ್ಯಾಪ್‌ಟಾಪ್. ಆಟಂ ಪ್ರೊಸೆಸರ್, 2 ಜಿಬಿ ಮೆಮೊರಿ, 32 ಜಿಬಿ ಜಾಗ. ಮಗಳ ಆನ್‌ಲೈನ್ ಕ್ಲಾಸು ಪೂರ್ತಿ ಅದರಲ್ಲೇ ನಡೆಯಿತು. ಆಮೇಲೆ ಬಂದ ಅಪ್‌ಡೇಟುಗಳಿಗೆ ಆ 32 ಜಿಬಿ ಸಾಲಲಿಲ್ಲ. ಕಾಲಿಡಲೂ ಜಾಗವಿಲ್ಲದ ಮನೆಗೆ ನೆಂಟರು ಹಾಸಿಗೆ ಸಮೇತ ಬಂದ ಹಾಗಾಯಿತು. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಒಯ್ದು ತೋರಿಸಿದೆ. ಅಂಗಡಿ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಎಕ್ಸ್‌ಚೇಂಜ್‌ಗೆ ಕೊಡಿ ಅಂಕಲ್, ಒಂದು ಮೌಸ್ ಕೊಡ್ತೀನಿ" ಎಂದ. ವೈರ್‌ಲೆಸ್ಸಾ ಅಂತ ಕೇಳಿದೆ. ಅಲ್ಲವಂತೆ.

ಆ ಸಿಟ್ಟಿನಲ್ಲೇ ಹೈದರಾಬಾದಿನಲ್ಲಿರುವ ಅಣ್ಣನ ಮಗನಿಗೆ ಫೋನ್ ಮಾಡಿದ್ದು. ಇವನಿಗೊಂದು ಅಭ್ಯಾಸ. ಯಾವ ಪ್ರಶ್ನೆ ಕೇಳಿದರೂ "ಸಿಂಪಲ್ ಚಿಕ್ಕಪ್ಪ" ಎಂದೇ ಶುರು ಮಾಡುತ್ತಾನೆ. ತೆರಿಗೆ ತುಂಬುವುದು ಸಿಂಪಲ್, ಮೊಣಕಾಲು ನೋವು ಸಿಂಪಲ್, ಕಾವೇರಿ ನೀರಿನ ವಿವಾದವೂ ಸಿಂಪಲ್.

"ಸಿಂಪಲ್ ಚಿಕ್ಕಪ್ಪ. ಲಿನಕ್ಸ್ ಹಾಕಿ. ಅರ್ಧ ಗಂಟೆ ಕೆಲಸ."

ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ, ಆದರೆ ಪುಕ್ಕಟೆ ಸಿಗುವ ವ್ಯವಸ್ಥೆ. ನಾನು ಹೇಳಿದ ಕರ್ನೆಲ್ ಅದರದೇ. ಆ ಅರ್ಧ ಗಂಟೆ ಮೂರು ವಾರ ಹಿಡಿಯಿತು. ಮೊದಲನೆಯದಾಗಿ ಇದರ ಪ್ರೊಸೆಸರ್ 64 ಬಿಟ್‌ನದು, ಆದರೆ ಅದನ್ನು ಎಬ್ಬಿಸುವ ಫರ್ಮ್‌ವೇರ್ 32 ಬಿಟ್‌ನದು. ಮದುವೆ ಛತ್ರ ಕಟ್ಟಿಸಿ ಬಚ್ಚಲಮನೆಯ ಬಾಗಿಲು ಇಟ್ಟಂತೆ. ಲಿನಕ್ಸ್ ತುಂಬಿದ ಸಾಮಾನ್ಯ ಪೆನ್‌ಡ್ರೈವುಗಳು ಆ ಬಾಗಿಲಿಗೆ ಹಣೆ ಹೊಡೆದುಕೊಂಡು ವಾಪಸ್ ಬಂದವು. ಕೊನೆಗೆ 32 ಬಿಟ್‌ನ ಒಂದು ಪುಟ್ಟ ಬೂಟ್ ಫೈಲನ್ನು ಹುಡುಕಿ ಸೇರಿಸಿದೆ. ಲಿನಕ್ಸ್ ಒಳಗೆ ಬಂತು. ವೈಫೈ ಬಂತು, ಸದ್ದು ಬಂತು. ಪರದೆಯೂ ಬಂತು. ಆದರೆ ಮಲಗಿಕೊಂಡು ಬಂತು.

ಅಕ್ಷರಗಳೆಲ್ಲ ಎಡದಿಂದ ಬಲಕ್ಕೆ ಹೋಗುವ ಬದಲು ಮೇಲಿನಿಂದ ಕೆಳಕ್ಕೆ ಸಾಲಾಗಿ ಇಳಿಯುತ್ತಿದ್ದವು, ಗೋಡೆ ಮೇಲೆ ಇರುವೆ ಸಾಲಿನ ಹಾಗೆ. ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಪರದೆ ಹುಟ್ಟಾ ಉದ್ದುದ್ದದ್ದು. ತಯಾರಿಸುವವರು ಅದನ್ನೇ ಅಡ್ಡ ಮಲಗಿಸಿ ಕೂರಿಸಿಬಿಡುತ್ತಾರೆ. ಲಿನಕ್ಸಿಗೆ ಈ ಒಳಗುಟ್ಟು ಯಾರೂ ಹೇಳಿರಲಿಲ್ಲ.

ಪರದೆಯನ್ನು ಕಿತ್ತು ತಿರುಗಿಸಿಕೊಳ್ಳಬಾರದಾ ಅಂತ ನೀವು ಕೇಳಬಹುದು. ಹೆಂಡತಿಯೂ ಕೇಳಿದಳು. ಕಿತ್ತರೆ ಕೀಬೋರ್ಡಿನ ಸಂಪರ್ಕವೇ ಹೋಗುತ್ತದೆ. ಸರಿ, ಮೊದಲು ತಲೆ ವಾಲಿಸಿ ಓದಿದೆ. ಹತ್ತು ನಿಮಿಷಕ್ಕೆ ಕತ್ತು ಜುಮ್ಮೆಂದಿತು. ಆಮೇಲೆ ಲ್ಯಾಪ್‌ಟಾಪನ್ನು ತೆರೆದ ಪುಸ್ತಕದ ಹಾಗೆ ಪಕ್ಕಕ್ಕೆ ನಿಲ್ಲಿಸಿದೆ. ಪರದೆ ನೆಟ್ಟಗಾಯಿತು, ಕೀಬೋರ್ಡು ಗೋಡೆಯಾಯಿತು. ಒಂದು ಕೈಯಲ್ಲಿ ಅದು ಬೀಳದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆಗೆ ಬೆರಣಿ ತಟ್ಟಿದ ಹಾಗೆ ಕಮಾಂಡ್ ತಟ್ಟಿದೆ. ಎಂಟರ್ ಹೊಡೆದಾಗಲೆಲ್ಲ ಲ್ಯಾಪ್‌ಟಾಪು ಮಗುಚಿಕೊಳ್ಳುತ್ತಿತ್ತು.

ಕೊನೆಗೆ ಸೋತು ನಾನೇ ಮಲಗಿದೆ. ಚಾಪೆ ಹಾಸಿ, ಲ್ಯಾಪ್‌ಟಾಪನ್ನು ಎದುರಿಗಿಟ್ಟು, ಒಂದು ಮಗ್ಗುಲಾಗಿ, ಬಲಗೈಯನ್ನು ತಲೆಗೆ ಕೊಟ್ಟು, ಥೇಟ್ ಶ್ರೀರಂಗಪಟ್ಟಣದ ರಂಗನಾಥಸ್ವಾಮಿ. ಎಡಗೈ ಮಾತ್ರ ಟೈಪ್ ಮಾಡುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ರೀ, ಅಲ್ಲಾದ್ರೆ ಕಾಲೊತ್ತೋಕೆ ಲಕ್ಷ್ಮಿ ಇದ್ದಾಳೆ. ಇಲ್ಲಿ ಆ ನಿರೀಕ್ಷೆ ಬೇಡ. ಎದ್ದು ಗ್ಯಾಸ್ ಬುಕ್ ಮಾಡಿ" ಎಂದು ಹೋದಳು. ಅಷ್ಟರಲ್ಲಿ ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಲು ಬಂದರು. ಹಾಲ್ ಮಧ್ಯದಲ್ಲಿ ಬಿದ್ದಿರುವ ನನ್ನನ್ನು ನೋಡಿ ಗಾಬರಿಯಾಗಿ, "ಯಾಕೆ, ತಲೆ ಸುತ್ತಾ?" ಎಂದರು. ಅಮ್ಮ ಸಮಾಧಾನವಾಗಿ, "ಏನಿಲ್ಲ ಬನ್ನಿ, ಕಂಪ್ಯೂಟರಿಗೆ ಹುಷಾರಿಲ್ಲ" ಎಂದರು. ಹೆಪ್ಪು ತಗೊಂಡು ಹೋಗುವಾಗ ಅವರು ನನ್ನನ್ನು ದಾಟದೆ ಸುತ್ತು ಹಾಕಿಕೊಂಡು ಹೋದರು. ಮಲಗಿದವರನ್ನು ದಾಟಬಾರದಲ್ಲ.

ಹಾಗೆ ಮಲಗಿಕೊಂಡೇ ಕಾರಣ ಪತ್ತೆ ಹಚ್ಚಿದೆ. ಇಂಥ ಅಡ್ಡ ಪರದೆಗಳದ್ದೇ ಒಂದು ಪಟ್ಟಿ ಕರ್ನೆಲ್‌ನಲ್ಲಿ ಇದೆ. ತಯಾರಕರ ಹೆಸರು, ಮಾಡೆಲ್ ನೋಡಿ, "ಓ ಇದಾ, ಇದನ್ನು ತಿರುಗಿಸಬೇಕು" ಎಂದು ಅದೇ ಸರಿಮಾಡಿಕೊಳ್ಳುತ್ತದೆ. ನನ್ನ ಯಂತ್ರದ ಹೆಸರೇನು ಅಂತ ಕೇಳಿದರೆ ಬಂದ ಉತ್ತರ: "ಟು ಬಿ ಫಿಲ್ಡ್ ಬೈ ಓ.ಇ.ಎಂ." ಅಂದರೆ, ಇಲ್ಲಿ ತಯಾರಕರು ಹೆಸರು ತುಂಬತಕ್ಕದ್ದು. ಪುಣ್ಯಾತ್ಮರು ತುಂಬಿರಲಿಲ್ಲ. ಒಂಬತ್ತು ವರ್ಷದಿಂದ ನಾಮಕರಣವಾಗದ ಕೂಸನ್ನು ಸಾಕಿದ್ದೇನೆ ನಾನು! ಆದರೆ ಪಟ್ಟಿ ಬರೆದವರು ಇಂಥ ಅನಾಥರನ್ನೂ ಯೋಚಿಸಿದ್ದಾರೆ. ಹೆಸರಿಲ್ಲದಿದ್ದರೆ ಬಯೋಸ್‌ನ, ಅಂದರೆ ಯಂತ್ರವನ್ನು ಎಬ್ಬಿಸುವ ಆ ಫರ್ಮ್‌ವೇರಿನ, ತಾರೀಕು ನೋಡಿ ಗುರುತು ಹಿಡಿಯುತ್ತಾರೆ. ಹುಟ್ಟಿದ ದಿನವಿದ್ದರೆ ಜಾತಕ ಬರೆಯಬಹುದಲ್ಲ, ಹಾಗೆ. ನಾನು ಮಾಡಬೇಕಿದ್ದದ್ದು ಇಷ್ಟೇ: ಮೂರು ಕೋಟಿಗೂ ಜಾಸ್ತಿ ಸಾಲಿನ ಆ ಕರ್ನೆಲ್‌ಗೆ ನನ್ನ ಹತ್ತು ಸಾಲಿನ ಜಾತಕ ಸೇರಿಸಿ, ಇಡೀ ಕರ್ನೆಲನ್ನು ಹೊಸದಾಗಿ ಕಟ್ಟುವುದು.

ಕಟ್ಟುವ ಮೊದಲು ಅದು ನೂರಾರು ಪ್ರಶ್ನೆ ಕೇಳುತ್ತದೆ. ಹವ್ಯಾಸಿ ರೇಡಿಯೊ ಬೇಕೇ? ಜಾಯ್‌ಸ್ಟಿಕ್ ಬೇಕೇ? ಹೆಚ್ಚಿನವಕ್ಕೆ ಬೇಕಾದರೆ ವೈ, ಬೇಡವಾದರೆ ಎನ್ ಒತ್ತಬೇಕು. ಎಷ್ಟೋ ಪ್ರಶ್ನೆಗಳ ಕೆಳಗೆ ಒಂದು ಸಲಹೆಯೂ ಇರುತ್ತದೆ: ಸರಿಯಾಗಿ ಗೊತ್ತಿಲ್ಲದಿದ್ದರೆ ಎನ್ ಅನ್ನಿ. ಹದಿನೆಂಟು ವರ್ಷದ ಹಿಂದೆ ಸ್ನೇಹಿತನ ಚೀಟಿಗೆ ಜಾಮೀನು ಹಾಕುವಾಗ ಈ ಮಾತನ್ನು ಯಾರೂ ನನಗೆ ಹೇಳಲಿಲ್ಲ.

ಮೊದಲ ರಾತ್ರಿ ಕಟ್ಟಲು ಬಿಟ್ಟು ಮಲಗಿದೆ. ಇದಕ್ಕೆ ಫ್ಯಾನಿಲ್ಲ. ಬೆನ್ನೆಲ್ಲ ಕಾದು ಕಾವಲಿಯಾಗುತ್ತದೆ. ಜನವರಿಯ ಚಳಿ ಬೇರೆ. ಬೆಳಿಗ್ಗೆ ಎದ್ದು ನೋಡಿದರೆ ಲ್ಯಾಪ್‌ಟಾಪಿಗೆ ಒತ್ತಿಕೊಂಡು ದೋಸೆ ಹಿಟ್ಟಿನ ಪಾತ್ರೆ. ಅಮ್ಮನ ಕೆಲಸ. ಹಿಟ್ಟು ಮುಚ್ಚಳ ಎತ್ತುವ ಹಾಗೆ ಉಕ್ಕಿತ್ತು. ಕರ್ನೆಲ್ ಮಾತ್ರ ಜಾಗ ಸಾಲದೆ ಅರ್ಧಕ್ಕೇ ನಿಂತಿತ್ತು.

ಎರಡನೆಯ ರಾತ್ರಿ ಬುದ್ಧಿ ಉಪಯೋಗಿಸಿದೆ. ಸದ್ಯ ಬಳಕೆಯಲ್ಲಿರುವ ಡ್ರೈವರುಗಳನ್ನಷ್ಟೇ, ಅಂದರೆ ಒಂದೊಂದು ಭಾಗವನ್ನು ನಡೆಸುವ ಪುಟ್ಟ ಪ್ರೋಗ್ರಾಮುಗಳನ್ನಷ್ಟೇ, ಇಟ್ಟುಕೊಂಡು ಉಳಿದದ್ದನ್ನು ಕೈಬಿಡುವ ಒಂದು ಉಪಾಯವಿದೆ. ಅದು ಮೇಷ್ಟ್ರು ಹಾಜರಿ ಕರೆದ ಹಾಗೆ. ಆ ಹೊತ್ತಿಗೆ ಇದ್ದವರು ಉಳಿದರು, ಇಲ್ಲದವರ ಹೆಸರು ಹೊಡೆದು ಹಾಕಿತು. ಬೆಳಿಗ್ಗೆ ಪರದೆ ಎದ್ದು ನಿಂತಿತು! ಕುಣಿದುಬಿಟ್ಟೆ. ಮಗಳ ಹಳೆಯ ಫೋಟೊ ನೋಡೋಣ ಅಂತ ಪೆನ್‌ಡ್ರೈವ್ ಚುಚ್ಚಿದೆ. ಏನೂ ಇಲ್ಲ. ಹಾಜರಿ ಕರೆಯುವಾಗ ಅದು ನನ್ನ ಶರ್ಟಿನ ಜೇಬಿನಲ್ಲಿತ್ತು.

"ಇವತ್ತು ರಾತ್ರಿನೂ ಇದ್ಯಾ?" ಎಂದು ಅಮ್ಮ ಕೇಳಿದರು. ಇದೆ ಅಂದೆ. "ಹಾಗಾದ್ರೆ ಇಡ್ಲಿಗೆ ನೆನೆಹಾಕ್ತೀನಿ" ಎಂದರು.

ಮೂರನೆಯ ರಾತ್ರಿ ಪೆನ್‌ಡ್ರೈವನ್ನು ಚುಚ್ಚಿಟ್ಟೇ ಹಾಜರಿ ಕರೆದೆ. ಕಾಯುತ್ತಾ ಕೂತಾಗ ಅನಿಸಿತು. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ 21 ವರ್ಷದ ಹುಡುಗ ಲಿನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿದ್ದ ಈ ಲಿನಕ್ಸನ್ನು ಲೋಕಕ್ಕೆ ತಿಳಿಸಿದಾಗ ಸಂಕೋಚದಿಂದಲೇ ಬರೆದಿದ್ದ. ಇದು ಬರೀ ಹವ್ಯಾಸ, ನನ್ನ ಬಳಿಯಿರುವಂಥ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದರಲ್ಲಿ ಬಹುಶಃ ಇದು ಎಂದೂ ನಡೆಯಲಿಕ್ಕಿಲ್ಲ, ಯಾಕೆಂದರೆ ನನ್ನ ಹತ್ತಿರ ಇರುವುದು ಅದೊಂದೇ, ಅಂತ. ಅವನ ಯಂತ್ರದಲ್ಲಿದ್ದದ್ದು ಇಂಟೆಲ್‌ನ 386 ಪ್ರೊಸೆಸರ್. 2013ರ ಹೊತ್ತಿಗೆ 3.8ನೆಯ ಆವೃತ್ತಿಯಲ್ಲಿ ಆ 386ಕ್ಕೇ ಬಾಗಿಲು ಹಾಕಿದರು. ತಾನು ಹುಟ್ಟಿದ ಮನೆಯೊಳಗೆ ಲಿನಕ್ಸಿಗೇ ಈಗ ಕಾಲಿಡಲು ಬರುವುದಿಲ್ಲ. ಮಗಳು ಹಾಸ್ಟೆಲಿನಲ್ಲಿ. ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅವಳಂಟಿಸಿದ ಚಿಟ್ಟೆಯ ಸ್ಟಿಕ್ಕರಿನಲ್ಲಿ ಒಂದು ರೆಕ್ಕೆ ಉಳಿದಿದೆ. ಇದು ಮೂರನೆಯ ರಾತ್ರಿಯ ನಿದ್ದೆಗೇಡಿನ ಯೋಚನೆ, ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಡಿ.

ಬೆಳಿಗ್ಗೆ ಎಲ್ಲವೂ ಸರಿಯಾಗಿತ್ತು. ಇಡ್ಲಿಯೂ ಹೂವಿನ ಹಾಗಿತ್ತು. ಹದಿನಾಲ್ಕು ದಿನ ನಾನು ಮನುಷ್ಯರಂತೆ ಕೂತು ಕಂಪ್ಯೂಟರ್ ನೋಡಿದೆ.

ನಿನ್ನೆ ರಾತ್ರಿ ಅದು ತನ್ನಷ್ಟಕ್ಕೆ ಅಪ್‌ಡೇಟ್ ಆಯಿತು. ಹೊಸ ಕರ್ನೆಲ್ ಬಂತು. ಅದರ ನಂಬರ್ ನನ್ನದಕ್ಕಿಂತ ದೊಡ್ಡದು. ನಂಬರ್ ದೊಡ್ಡದಿದ್ದವರಿಗೆ ಮೊದಲ ಪಂಕ್ತಿ, ಇಲ್ಲಿಯ ಪದ್ಧತಿ ಹಾಗೆ. ಅದಕ್ಕೆ ನನ್ನ ಜಾತಕ ಗೊತ್ತಿಲ್ಲ. ಪರದೆ ಮತ್ತೆ ಮಲಗಿತು. ಅದರ ಜೊತೆ ನಾನೂ ಎರಡು ಗಂಟೆಯವರೆಗೆ ಮಲಗಿದೆ. ಬೆಳಿಗ್ಗೆ ಕತ್ತು ಹೀಗೆ.

ಅಣ್ಣನ ಮಗನಿಗೆ ಫೋನ್ ಮಾಡಿ ಜಾತಕ, ಹಾಜರಿ, ದೋಸೆ ಹಿಟ್ಟು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ.

"ಚಿಕ್ಕಪ್ಪ, ಅದಕ್ಕೆ ಕರ್ನೆಲ್ ಯಾಕೆ ಕಟ್ಟಿದ್ರಿ? ಬೂಟ್ ಮೆನುವಿನಲ್ಲಿ ಒಂದು ಸಾಲು ಸೇರಿಸಿದ್ರೆ ಪರದೆ ತಿರುಗುತ್ತೆ. ಸಿಂಪಲ್."

ಫೋನ್ ಇಟ್ಟೆ. ಆ ಒಂದು ಸಾಲು ಸೇರಿಸಿ ಮುಗಿಸೋಣ ಅಂತ ಲ್ಯಾಪ್‌ಟಾಪ್ ಹುಡುಕಿದರೆ ಮೇಜಿನ ಮೇಲಿಲ್ಲ. ಅಮ್ಮನ ಕೋಣೆಯಿಂದ ಹರಿಕಥೆಯ ದನಿ ಬರುತ್ತಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ಅಮ್ಮ ಹೊದ್ದುಕೊಂಡು, ಒಂದು ಮಗ್ಗುಲಾಗಿ, ದಿಂಬಿಗೆ ಕೆನ್ನೆ ಕೊಟ್ಟು ನೋಡುತ್ತಿದ್ದರು. ಅವರು ಮಲಗಿದ ಕೋನಕ್ಕೆ ಆ ಪರದೆ ಒಂದು ಎಳೆಯೂ ಆಚೀಚೆ ಇಲ್ಲದೆ ನೆಟ್ಟಗಿತ್ತು.

"ಅಮ್ಮ, ಒಂದು ನಿಮಿಷ ಕೊಡಿ, ಸರಿ ಮಾಡ್ತೀನಿ."

"ಅಯ್ಯೋ ಮುಟ್ಟಬೇಡ ಕಣೋ" ಎಂದರು. "ಈಗ ತಾನೇ ಸರಿಯಾಗಿದೆ."