2021ರ ಆಕ್ಸಿಜನ್ ಕೊರತೆ: ಲೆಕ್ಕ ತಪ್ಪಿದ್ದು ದಾರಿಯಲ್ಲಿ

ಕೋವಿಡ್ ಎರಡನೇ ಅಲೆಯ ಮಾತು ಬಂದಾಗಲೆಲ್ಲ ಜಗಳ ಒಂದೇ ಕಡೆ ಬಂದು ನಿಲ್ಲುತ್ತೆ. ಆಕ್ಸಿಜನ್ ಸಿಗದೆ ಜನ ಸತ್ತರೋ, ಇಲ್ಲವೋ? ಆಕ್ಸಿಜನ್ ಕೊರತೆಯಿಂದಲೇ ಸಾವು ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂತ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಹೇಳಿತು. ಅದೇ ಉತ್ತರದಲ್ಲಿ ಇನ್ನೊಂದು ಅಂಕಿಯೂ ಇತ್ತು. ಮೊದಲ ಅಲೆಯಲ್ಲಿ ದಿನಕ್ಕೆ ಹೆಚ್ಚೆಂದರೆ 3,095 ಟನ್ ಇದ್ದ ಬೇಡಿಕೆ ಎರಡನೇ ಅಲೆಯಲ್ಲಿ 9,000 ಟನ್ ಹತ್ತಿರ ಹೋಗಿತ್ತು. ನನ್ನ ಪ್ರಕಾರ ಚರ್ಚೆ ಶುರುವಾಗಬೇಕಾದದ್ದು ಅಲ್ಲಿಂದ.

ಹಾಸಿಗೆಯ ಪಕ್ಕದ ಲೆಕ್ಕ ನೋಡಿ. ದೊಡ್ಡ ಜಂಬೋ ಸಿಲಿಂಡರ್‌ನಲ್ಲಿ ಚದರ ಸೆಂಟಿಮೀಟರ್‌ಗೆ 150 ಕೆಜಿ ಒತ್ತಡಕ್ಕೆ ತುಂಬಿದರೆ ಸುಮಾರು 7,000 ಲೀಟರ್ ಅನಿಲ. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕಾದರೆ ಅದು 12 ಗಂಟೆಯೂ ಬಾರದು. 15 ಲೀಟರ್ ಆದರೆ ಎಂಟು ಗಂಟೆಯೊಳಗೆ ಖಾಲಿ. ಮೂಗಿಗೆ ರಭಸದಿಂದ ಗಾಳಿ ಬಿಡುವ ಹೈ ಫ್ಲೋ ಯಂತ್ರ ನಿಮಿಷಕ್ಕೆ 40 ಲೀಟರ್ ಆಕ್ಸಿಜನ್ ಎಳೆದರೆ ಮೂರು ಗಂಟೆ ಅನ್ನುವಷ್ಟರಲ್ಲಿ ಮುಗೀತು. ಐವತ್ತು ಹಾಸಿಗೆ, ತಲಾ 10 ಲೀಟರ್ ಅಂದರೆ ದಿನಕ್ಕೆ ನೂರಕ್ಕೂ ಹೆಚ್ಚು ಜಂಬೋ. ಅಷ್ಟನ್ನು ಇಳಿಸಿ, ಜೋಡಿಸಿ, ಖಾಲಿಯಾದದ್ದನ್ನು ಮತ್ತೆ ಲಾರಿಗೆ ಹತ್ತಿಸಿ ಕಳಿಸುವವರು ಯಾರು? ಅದೇ ಆಕ್ಸಿಜನ್ ದ್ರವರೂಪದಲ್ಲಿ ಬಂದರೆ ಹೆಚ್ಚುಕಮ್ಮಿ ಒಂದು ಟನ್, ಅಷ್ಟೆ.

2021ರ ಮೇ 2–3ರ ರಾತ್ರಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ಚಾಮರಾಜನಗರ ಜಿಲ್ಲಾಸ್ಪತ್ರೆಯ ದುರಂತವನ್ನು ಈ ಲೆಕ್ಕ ಇಟ್ಟುಕೊಂಡೇ ಓದಬೇಕು. ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು. ಅಂಥ ಸರಪಳಿಯಲ್ಲಿ ಒಂದು ಲಾರಿ ನಾಲ್ಕು ಗಂಟೆ ತಡವಾದರೂ ಅದನ್ನು ತುಂಬಿಕೊಡುವ ಜಾಗ ಎಲ್ಲೂ ಇರುವುದಿಲ್ಲ.

ಹಾಗಾದರೆ ದೇಶದಲ್ಲಿ ಆಕ್ಸಿಜನ್ ಇರಲಿಲ್ಲವೇ? ಉಕ್ಕಿನ ಕಾರ್ಖಾನೆಗಳಲ್ಲಿ ಇತ್ತು: ಜಮ್‌ಶೆಡ್‌ಪುರ, ರೂರ್ಕೆಲಾ, ಭಿಲಾಯಿ, ನಮ್ಮ ತೋರಣಗಲ್ಲು. ಅದನ್ನು ಮೈನಸ್ 183 ಡಿಗ್ರಿಯಲ್ಲಿ ಹೊತ್ತು ತರುವ ಟ್ಯಾಂಕರ್ ಸಾಲಲಿಲ್ಲ. ಒಂದು ಊರಿಗೆ ದಿನಕ್ಕೆ 20 ಟನ್, ಅಂದರೆ ಒಂದು ಟ್ಯಾಂಕರ್ ತುಂಬ ಬೇಕು, ಟ್ಯಾಂಕರ್ ಹೋಗಿ ತುಂಬಿಸಿಕೊಂಡು ಬರಲು ಆರು ದಿನ ಅಂತಿಟ್ಟುಕೊಳ್ಳಿ. ಬೇಕಾದದ್ದು ಒಂದು ಟ್ಯಾಂಕರ್ ಅಲ್ಲ, ಆರು. ವಾಯುಪಡೆಯ ವಿಮಾನದಲ್ಲಿ ಖಾಲಿ ಟ್ಯಾಂಕರ್ ಸಾಗಿಸಿದ್ದನ್ನು ಕಂಡು ನಕ್ಕವರಿದ್ದರು. ತುಂಬಿದ್ದನ್ನು ವಿಮಾನದಲ್ಲಿ ಒಯ್ಯುವುದು ಅಪಾಯ. ಹೋಗುವ ದಾರಿಯಲ್ಲಿ ಎರಡು ದಿನ ಉಳಿದರೆ ಅದೇ ಲಾಭ. ನೈಟ್ರೋಜನ್, ಆರ್ಗಾನ್ ಟ್ಯಾಂಕರ್‌ಗಳನ್ನೂ ಆಕ್ಸಿಜನ್‌ಗೆ ಬದಲಾಯಿಸಿದರು, ಆದರೆ ಅದು ಬೋರ್ಡ್ ಬದಲಿಸಿದಷ್ಟು ಸುಲಭವಲ್ಲ. ಒಳಗೆ ಎಣ್ಣೆ, ಗ್ರೀಸ್ ಜಿಡ್ಡು ಉಳಿದರೆ ಆಕ್ಸಿಜನ್ ಸೇರಿದಾಗ ಬೆಂಕಿ.

ಕರ್ನಾಟಕದ ಹಂಚಿಕೆಯನ್ನು ದಿನಕ್ಕೆ 1,200 ಟನ್‌ಗೆ ಏರಿಸಿ ಅಂತ ಹೈಕೋರ್ಟ್ ಮೇ 5ರಂದು ಆದೇಶಿಸಿತು. ಕೇಂದ್ರ ಸುಪ್ರೀಂ ಕೋರ್ಟ್‌ಗೆ ಹೋಯಿತು, ಅಲ್ಲಿ ಮಧ್ಯಪ್ರವೇಶಕ್ಕೆ ಒಪ್ಪಲಿಲ್ಲ. ಆದೇಶ ಸರಿಯೇ ಇತ್ತು. ಆದರೆ ಕಾಗದದ ಮೇಲಿನ ಟನ್ ಆಸ್ಪತ್ರೆಗೆ ಮುಟ್ಟಬೇಕಲ್ಲ. ಜಮ್‌ಶೆಡ್‌ಪುರದಿಂದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ವೈಟ್‌ಫೀಲ್ಡ್‌ಗೆ ಬಂದಿದ್ದು ಮೇ 11ಕ್ಕೆ, ಆರು ಕಂಟೇನರ್‌ಗಳಲ್ಲಿ 120 ಟನ್ ಹೊತ್ತು.

ಇನ್ನು ಯಾರೂ ಅಷ್ಟಾಗಿ ಮಾತಾಡದ ಒಂದು ಭಾಗ: ವೇಪರೈಸರ್. ಆಸ್ಪತ್ರೆಯ ಟ್ಯಾಂಕ್ ಪಕ್ಕ ಅಲ್ಯುಮಿನಿಯಂ ರೆಕ್ಕೆಗಳಿರುವ ಕೊಳವೆಗಳ ಸಾಲು ನಿಂತಿರುತ್ತದಲ್ಲ, ಅದು. ಹೊರಗಿನ ಗಾಳಿಯ ಬಿಸಿಗೇ ದ್ರವ ಅನಿಲವಾಗಿ ಪೈಪಿಗೆ ಹೋಗುತ್ತೆ. ಅದರ ಅಳತೆಗಿಂತ ದುಪ್ಪಟ್ಟು ಎಳೆದರೆ ರೆಕ್ಕೆಗಳ ಮೇಲೆ ಬಿಳಿ ಮಂಜುಗಡ್ಡೆ ದಪ್ಪಗೆ ಕೂರುತ್ತೆ, ಬಿಸಿ ಒಳಕ್ಕೆ ಹೋಗಲ್ಲ. ಪೈಪಿನಲ್ಲಿ ನಾಲ್ಕು ಕೆಜಿ ಆಸುಪಾಸು ಇರಬೇಕಾದ ಒತ್ತಡ ಇಳಿದು ವೆಂಟಿಲೇಟರ್‌ಗಳು ಒಟ್ಟಿಗೆ ಕೂಗತೊಡಗುತ್ತವೆ. ಟ್ಯಾಂಕ್ ತುಂಬಿದ್ದರೂ ವಾರ್ಡ್‌ನಲ್ಲಿ ಕೊರತೆ! ತಕ್ಷಣಕ್ಕೆ ನೀರು ಹಾಯಿಸಿ ಮಂಜು ಕರಗಿಸಬಹುದು. ಸರಿಯಾದ ದಾರಿ ಎಂದರೆ ಎರಡು ವೇಪರೈಸರ್ ಇಟ್ಟು ಸರದಿಯಂತೆ ಬಳಸುವುದು.

ಆಮೇಲೆ ದೇಶದ ತುಂಬ ಪಿಎಸ್‌ಎ ಘಟಕಗಳು ಬಂದವು. ಗಾಳಿಯಲ್ಲಿನ ನೈಟ್ರೋಜನ್ ಅನ್ನು ಜಿಯೋಲೈಟ್ ಹರಳುಗಳು ಹಿಡಿದಿಟ್ಟು ಸುಮಾರು 93% ಶುದ್ಧತೆಯ ಆಕ್ಸಿಜನ್ ಕೊಡುವ ಯಂತ್ರ. ಒಳ್ಳೆಯದೇ, ನಿಮಿಷಕ್ಕೆ 1,000 ಲೀಟರ್‌ನ ಘಟಕ ದಿನವಿಡೀ ನಡೆದರೆ 200 ಜಂಬೋಗೆ ಸಮ. ಆದರೆ ಕರೆಂಟ್ ಹೋದರೆ ಅದೂ ನಿಲ್ಲುತ್ತೆ. ಪ್ರತ್ಯೇಕ ಬೂಸ್ಟರ್ ಕಂಪ್ರೆಸರ್ ಇಲ್ಲದೆ ಅದರಿಂದ ಸಿಲಿಂಡರ್ ತುಂಬಲಾಗದು. ಏರ್ ಡ್ರೈಯರ್, ಫಿಲ್ಟರ್ ಕಡೆ ಯಾರೂ ನೋಡದೆ ತೇವ, ಕಂಪ್ರೆಸರ್ ಎಣ್ಣೆ ಒಳಗೆ ಹೋದರೆ ಜಿಯೋಲೈಟ್ ಕೆಟ್ಟು ಶುದ್ಧತೆ ಇಳಿಯುತ್ತೆ. ಉದ್ಘಾಟನೆಯ ಫಲಕಕ್ಕೆ ದುಡ್ಡು ಸಿಕ್ಕಷ್ಟು ಸುಲಭವಾಗಿ ಫಿಲ್ಟರ್‌ಗೆ ಸಿಗಲ್ಲ ಅನ್ನೋದು ಬೇರೆ ಮಾತು.

ಹಾಗಾಗಿ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಘಟಕ ಇದೆಯಾ ಅಂತಷ್ಟೇ ಕೇಳಿ ಬರಬೇಡಿ. ಕಂಪ್ರೆಸರ್ ಮೇಲೆ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಮೀಟರ್ ಇರುತ್ತೆ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶುದ್ಧತೆಯ ಅಂಕಿ. ಎರಡನ್ನೂ ಬರೆದುಕೊಂಡು ತಿಂಗಳು ಬಿಟ್ಟು ಮತ್ತೆ ಹೋಗಿ ನೋಡಿ. ಗಂಟೆಯ ಅಂಕಿ ಅಲ್ಲೇ ನಿಂತಿದ್ದರೆ ಯಾಕೆ ಓಡಿಸಿಲ್ಲ ಅಂತ ಬರವಣಿಗೆಯಲ್ಲಿ ಕೇಳಿ.