ಮಿರಗದ ಹುಳ ಮುಟ್ಟಿದ್ದಕ್ಕೆ ಏಟು

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆದರಾದರೂ ಇಳಿಯುತ್ತೇನೋ ನೋಡೋಣ.

ಬಳ್ಳಾರಿಯಲ್ಲಿ ತಂಗಿಗೆ ನಿನ್ನೆ ಬ್ಯಾಂಕಿನಲ್ಲಿ ಏನೋ ಕೆಲಸ ಇತ್ತು. ಅವಳ ಮಗಳನ್ನು ಶಾಲೆಯಿಂದ ಕರೆತರಲು ನಾನು ಹೋದೆ. ನಾಲ್ಕೂವರೆ ವರ್ಷದ ಹುಡುಗಿ, ಯುಕೆಜಿ. ಹಿಂದಿನ ರಾತ್ರಿ ಮಿರಗದ (ಮೃಗಶಿರಾ) ಮಳೆ ಚೆನ್ನಾಗಿ ಬಿದ್ದಿತ್ತು. ಶಾಲೆಯ ಗೇಟಿನ ಪಕ್ಕ, ಕಾಂಪೌಂಡಿಗೂ ಕಾಂಕ್ರೀಟಿಗೂ ನಡುವೆ ಒಂದು ಗೇಣು ಮಣ್ಣು ಉಳಿದುಕೊಂಡಿದೆ. ಅಲ್ಲೊಂದು ಮಿರಗದ ಹುಳ ಓಡಾಡುತ್ತಿತ್ತು. ಕುಂಕುಮದ ಬಣ್ಣ, ಮಕಮಲ್ಲಿನಂಥ ಮೈ. ಮಗು ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚಿತು. ಹುಳ ಹತ್ತಿತು. ಬೆರಳು ತಾಗಿಸಿದ ಕೂಡಲೇ ಕಾಲೆಲ್ಲ ಒಳಗೆಳೆದುಕೊಂಡು ಮುದ್ದೆಯಾಯಿತು. ಮಗು ಉಸಿರು ಬಿಗಿಹಿಡಿದು ಕಾಯಿತು. ಕಾಲು ಮೆಲ್ಲಗೆ ಹೊರಗೆ ಬಂದಾಗ ಎಣಿಸತೊಡಗಿತು. ಒಂದು, ಎರಡು, ಮೂರು... ಐದಕ್ಕೆ ಬಂದಿತ್ತು. ಅಷ್ಟರಲ್ಲಿ ಆಯಾ ಓಡಿಬಂದು ಕೈ ಮೇಲೆ ಫಟ್ಟಂತ ಹೊಡೆದಳು. "ಛೀ, ಹೊಲಸು!" ಹುಳ ಎಲ್ಲೋ ಬಿತ್ತು. ಮಗುವಿನ ಕೈಗೆ ಸ್ಯಾನಿಟೈಸರ್ ಬಿತ್ತು.

ಆ ಆಯಾ ಮೇಲೆ ನನಗೆ ಸಿಟ್ಟಿಲ್ಲ. ಯೂನಿಫಾರಂಗೆ ಮಣ್ಣಾದರೆ ಪಾಲಕರು ದೂರು ಕೊಡುತ್ತಾರೆ, ಬೈಗುಳ ಬೀಳುವುದು ಅವಳಿಗೆ. ಸಿಟ್ಟು ಬಂದಿದ್ದು ಒಳಗೆ ಕಂಡದ್ದಕ್ಕೆ. ಆಟದ ಜಾಗಕ್ಕೆಲ್ಲ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ್ದಾರೆ. ಗೋಡೆ ಮೇಲೆ ಆನೆ, ಜಿರಾಫೆಯ ಚಿತ್ರ. ಮಧ್ಯಾಹ್ನದ ಬಿಸಿಲಿಗೆ ಆ ಹುಲ್ಲಿನ ಮೇಲೆ ಅಂಗೈ ಇಟ್ಟು ನೋಡಿದೆ. ಹೆಂಚಿನ ಹಾಗೆ ಸುಡುತ್ತಿತ್ತು. ಆಚೆ ಕಾಂಪೌಂಡಿನ ಹೊರಗೆ ಒಂದು ಬೇವಿನ ಮರ, ಅದರ ಕೆಳಗೆ ತಣ್ಣಗಿನ ನೆರಳು, ಉದುರಿದ ಬೇವಿನ ಹಣ್ಣು. ಅಲ್ಲಿಗೆ ಒಂದು ಮಗುವನ್ನೂ ಬಿಡುವುದಿಲ್ಲ.

ಹುಳಕ್ಕೆ ಎಂಟು ಕಾಲು. ಅದು ಜೇಡದ ಬಳಗದ್ದು. ಯಾರಿಗೂ ಕಚ್ಚುವುದಿಲ್ಲ. ಇನ್ನು ಮೂರು ಕಾಲು ಎಣಿಸಿದ್ದರೆ ಮಗುವಿಗೆ ಅದು ತಾನಾಗಿಯೇ ಗೊತ್ತಾಗುತ್ತಿತ್ತು.

ಕೆಜಿ ಅಂತ ದಿನಾ ಹೇಳುತ್ತೇವಲ್ಲ, ಅದು ಕಿಂಡರ್‌ಗಾರ್ಟನ್, ಅದರಲ್ಲಿರುವ 'ಜಿ' ಅಂದರೆ ತೋಟ. 1840ರಲ್ಲಿ ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ ತನ್ನ ಶಾಲೆಗೆ ಮಕ್ಕಳ ತೋಟ ಅಂತ ಹೆಸರಿಟ್ಟ. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲೇ ಪುಟ್ಟ ಮಕ್ಕಳನ್ನು ದಿನಾ ಕಾಡಿಗೆ ಕರೆದೊಯ್ಯುವ ಶಾಲೆ ಶುರುವಾಯಿತು. 1993ರಲ್ಲಿ ಬ್ರಿಟನ್ನಿನ ಕೆಲವು ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು ತಮ್ಮಲ್ಲೂ ಆರಂಭಿಸಿದರು. ಹಿಮ ಬೀಳುವ ನಾಡಿನವರು ಮೂರು ವರ್ಷದ ಮಕ್ಕಳನ್ನು ಹೊರಗೆ ಬಿಡುತ್ತಾರೆ. ನಾವು?

"ನಮ್ಮಲ್ಲಿ ಕಾಡೆಲ್ಲಿದೆ ಮೇಡಂ?" ಅಂತ ಕೇಳುತ್ತಾರೆ. ನಾನು ಸಂಡೂರಿನವಳು, ನನ್ನನ್ನೇ ಕೇಳುತ್ತಾರೆ! ನಮ್ಮ ಕಡೆಯ ದರೋಜಿಯನ್ನು 1994ರಲ್ಲಿ ಕರಡಿಧಾಮ ಮಾಡಿದ್ದು ದಟ್ಟ ಕಾಡು ಇದೆ ಅಂತಲಾ? ಬಂಡೆ, ಜಾಲಿ, ಕಾರೆ, ಬಾರೆ, ಹುತ್ತ. ಕರಡಿ ಸಂಸಾರ ಮಾಡುವ ಕುರುಚಲು ಕಾಡು ಅದು. ಕರಡಿ ಇರುವಲ್ಲಿಗೆ ಮಕ್ಕಳನ್ನು ಕರೆದೊಯ್ಯಿರಿ ಅನ್ನುತ್ತಿಲ್ಲ. ಊರ ಹೊರಗಿನ ಹುಣಸೆ ತೋಪು, ಕೆರೆ ಏರಿ, ಗುಡ್ಡದ ಬುಡದ ನಾಲ್ಕು ಬಂಡೆ ಸಾಕು. ಅದೇ ಜಾಗಕ್ಕೆ ವಾರ ವಾರ ಹೋಗಬೇಕು, ಅಷ್ಟೇ. ಆಗಲೇ ತಂಗಡಿ ಯಾವಾಗ ಹೂ ಬಿಟ್ಟಿತು, ಯಾವ ಕೊಂಬೆಯಲ್ಲಿ ಗೂಡು ಬಂತು ಅಂತ ಮಗುವಿಗೆ ಗೊತ್ತಾಗುವುದು.

ಬಿಸಿಲು ಅಂತೀರಾ? ಏಪ್ರಿಲ್, ಮೇ ಬಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ದೊಡ್ಡವರಿಗೋಸ್ಕರ ಗಡಿಯಾರ ತಿರುಗಿಸಲು ಬರುತ್ತದೆ. ಮಕ್ಕಳಿಗೋಸ್ಕರ ಏಳರಿಂದ ಒಂಬತ್ತು ಹೊರಗೆ, ಆಮೇಲೆ ಒಳಗೆ ಅಂತ ಮಾಡಲು ಏನು ಕಷ್ಟ?

ಹಾವು, ಚೇಳು ಇರುತ್ತವೆ, ನಿಜ. ಅದಕ್ಕೇ ದೊಡ್ಡವರು ಮೊದಲು ಹೋಗಿ ಕೋಲಿನಿಂದ ತಟ್ಟಿ ಜಾಗ ನೋಡಬೇಕು. ಎಲ್ಲಿಯ ತನಕ ಹೋಗಬಹುದು ಅಂತ ಮಕ್ಕಳಿಗೆ ತೋರಿಸಬೇಕು. ನಮ್ಮಪ್ಪ ಕಲ್ಲೆತ್ತುವುದು ಕಲಿಸಿದ್ದು ನನಗೆ ಐದು ವರ್ಷ ಇದ್ದಾಗ. ಆಚೆ ಅಂಚು ಹಿಡಿದು ನಿನ್ನ ಕಡೆಗೆ ಎತ್ತು, ಒಳಗಿದ್ದದ್ದು ಆಚೆಗೆ ಓಡಿ ಹೋಗುತ್ತದೆ, ನಡುವೆ ಕಲ್ಲು ಇರುತ್ತದೆ. ಇಷ್ಟು ಕಲಿತ ಮಗು ಎಲ್ಲೆಂದರಲ್ಲಿ ಕೈ ಹಾಕುವುದಿಲ್ಲ. ಏನೂ ಕಲಿಸದೆ ಬೀಗ ಹಾಕಿಟ್ಟ ಮಗುವಿನ ಬಗ್ಗೆ ನನಗೆ ಭಯ ಜಾಸ್ತಿ.

ಇನ್ನೊಂದು ಮಾತು. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳನ್ನು ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. ಹಾಗೆ ಹೊರಗೆ ಬಿಟ್ಟವರಲ್ಲಿ ಹೊಸದಾಗಿ ಸಮೀಪದೃಷ್ಟಿ (ದೂರದ್ದು ಮಸುಕಾಗಿ ಕಾಣುವ ದೋಷ) ಬಂದದ್ದು ಸುಮಾರು 30% ಮಕ್ಕಳಿಗೆ, ಉಳಿದವರಲ್ಲಿ ಸುಮಾರು 40%ಗೆ. 2015ರಲ್ಲಿ ಪ್ರಕಟವಾದ ಅಧ್ಯಯನ. ಆ ಯುಕೆಜಿ ಕ್ಲಾಸಿನಲ್ಲಿ ಎಷ್ಟು ಪುಟ್ಟ ಮುಖಗಳ ಮೇಲೆ ಕನ್ನಡಕ ಕಂಡೆ ಗೊತ್ತಾ? ಎಣಿಸಲು ಮನಸ್ಸು ಬರಲಿಲ್ಲ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಾನೂ ಟೀಚರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕ್ಲಾಸಿನ ಒಬ್ಬ ಹುಡುಗ ದಿನಾ ತಡವಾಗಿ ಬರುತ್ತಿದ್ದ. ಜೇಬಿನ ತುಂಬ ಬಾರೆಹಣ್ಣು. ಒಂದು ದಿನ ಎಲ್ಲರ ಮುಂದೆ ಜೇಬು ಖಾಲಿ ಮಾಡಿಸಿ ಹಣ್ಣೆಲ್ಲ ಕಿಟಕಿಯಿಂದ ಎಸೆದೆ. ಎರಡೇಟು ಹೊಡೆದೆ. ಮರುದಿನದಿಂದ ಸಮಯಕ್ಕೆ ಸರಿಯಾಗಿ ಬಂದ. ಮತ್ತೆಂದೂ ಏನನ್ನೂ ತರಲಿಲ್ಲ, ಏನನ್ನೂ ತೋರಿಸಲಿಲ್ಲ. ಇವತ್ತು ಆಡುತ್ತಾ ಕಲಿಸುವ ನಲಿ-ಕಲಿ ತರಗತಿಯಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತಾಗಲೂ ಆ ಖಾಲಿ ಜೇಬು ನೆನಪಾಗುತ್ತದೆ. ನಿನ್ನೆ ಮಗುವಿನ ಕೈ ಮೇಲೆ ಬಿದ್ದ ಏಟಿನ ಸದ್ದಿಗೆ ನಾನು ಅಷ್ಟು ಬೆಚ್ಚಿದ್ದು ಅದಕ್ಕೇ ಇರಬೇಕು.

ಈ ಶನಿವಾರ ತಂಗಿಯ ಮಗಳನ್ನು ನಮ್ಮೂರ ಹುಣಸೆ ತೋಪಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ. ಹತ್ತಿರದಲ್ಲಿರುವವರು ನಿಮ್ಮ ಮಕ್ಕಳನ್ನೂ ಕರೆತನ್ನಿ. ಹಳೇ ಬಟ್ಟೆ, ಕಾಲಿಗೆ ಗಟ್ಟಿ ಶೂ, ನೀರಿನ ಬಾಟಲಿ. ಮಳೆ ಹೋಗಿ ನೆಲ ಒಣಗಿದರೆ ಮಿರಗದ ಹುಳ ಮತ್ತೆ ಮಣ್ಣಿಗಿಳಿದುಬಿಡುತ್ತದೆ. ಅಷ್ಟರೊಳಗೆ ಅವಳಿಗೆ ಇನ್ನೂ ಮೂರು ಕಾಲು ಎಣಿಸುವುದಿದೆ.