ವಸಂತ ಅಂತ ಸ್ವೆಟರ್ ಬಿಟ್ಟು ಹೋಗಬೇಡಿ

ವಸಂತದಲ್ಲಿ ಬೆಟ್ಟದೂರಿಗೆ ಹೋಗುವವರಿಗೆ ತೆಳು ಬಟ್ಟೆ ಸಾಕು ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. 1000 ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಹಿಮ ಬೀಳುವ ಕಡೆಯಂತೂ ಕೆಳಗೆ ಹೂವು ಅರಳಿದ್ದರೂ ಬಿಸಿಲು ತಾಗದ ಇಳಿಜಾರಿನಲ್ಲಿ ಹಿಮ ಹಾಗೇ ಇರುತ್ತದೆ. ಬೆಳಿಗ್ಗೆ ಅದು ಗಟ್ಟಿ, ಜಾರುತ್ತದೆ. ಮಧ್ಯಾಹ್ನ ಮೆತ್ತಗಾಗಿ, ಇಟ್ಟ ಕಾಲು ಮೊಣಕಾಲಿನವರೆಗೂ ಹೂತುಹೋಗಬಹುದು. ಕರಗಿದ ನೀರು ಸೇರಿ ಸಂಜೆ ಹೊತ್ತಿಗೆ ತೊರೆಗಳಲ್ಲೂ ಸೆಳೆತ ಜಾಸ್ತಿ. ಹಿಡಿತವಿರುವ ಬೂಟು ಹಾಕಿ, ಬೇಗ ಹೊರಟು ಮಧ್ಯಾಹ್ನಕ್ಕೆಲ್ಲ ವಾಪಸ್ ಬನ್ನಿ. ಊರು 2500 ಮೀಟರ್‌ಗಿಂತ ಎತ್ತರದಲ್ಲಿದ್ದರೆ ಮೈ ಅಲ್ಲಿನ ತೆಳು ಗಾಳಿಗೆ ಒಗ್ಗುವವರೆಗೆ ತಲೆನೋವು ಬರಬಹುದು, ಅದಕ್ಕೇ ಮೊದಲ ದಿನ ಚಾರಣ ಬೇಡವೇ ಬೇಡ, ಸುಮ್ನೆ ಊರೊಳಗೆ ಅಡ್ಡಾಡಿ. ಎರಡೇ ದಿನ ರಜೆ ಇದ್ದರೆ ಇನ್ನೂ ತಗ್ಗಿನ ಊರನ್ನೇ ಆರಿಸಿಕೊಳ್ಳಿ. ತಲೆನೋವಿನಲ್ಲೇ ರಜೆ ಮುಗಿದರೆ ಯಾರಿಗೆ ಬೇಕು?